ಖಲೀಫ

ಖಲೀಫ ಎಂದರೆ ಮುಸ್ಲಿಮರ ಚಕ್ರವರ್ತಿ ಎಂಬ ಅರ್ಥ ಕನ್ನಡದಲ್ಲಿ ಬೇರೂರಿದೆ. ಪದದ ಹುಟ್ಟು ಅದನ್ನು ಒಪ್ಪುವುದಿಲ್ಲ. ಅರಬ್ಬಿಯ ಖ-ಲ-ಫ ಧಾತುವಿನ ಮೂಲಾರ್ಥ ‘ಹಿಂದೆ ಬರು’. 632ರಲ್ಲಿ ಪ್ರವಾದಿ ಮುಹಮ್ಮದರು ತೀರಿಕೊಂಡಾಗ ಮದೀನಾದಲ್ಲಿ ಆಯ್ಕೆಯಾದ ಅಬೂಬಕರ್, ಸಂಪ್ರದಾಯದ ಪ್ರಕಾರ, ‘ದೇವದೂತರ ಖಲೀಫ’ ಎನಿಸಿಕೊಂಡರು: ಅವರ ನಂತರ ಬಂದವರು, ಅಷ್ಟೇ. 634ರಲ್ಲಿ ಬಂದ ಉಮರ್ ‘ಅಮೀರುಲ್ ಮೂಮಿನೀನ್’, ಅಂದರೆ ವಿಶ್ವಾಸಿಗಳ ಅಧಿನಾಯಕ, ಎಂಬ ಬೇರೆ ಬಿರುದನ್ನು ಧರಿಸಿದ್ದು ಗಮನಾರ್ಹ. ಆಜ್ಞಾಧಿಕಾರ ಸೂಚಿಸಲು ಹಳೆಯ ಪದ ಸಾಲದಾಗಿತ್ತು ಎಂದೇ ನನ್ನ ತರ್ಕ. ಕುರ್‌ಆನ್ ಅರಸರಾಗಿದ್ದ ದಾವೂದರನ್ನು ಖಲೀಫ ಎಂದು ಕರೆದು ನ್ಯಾಯತೀರ್ಮಾನದ ಹೊಣೆ ಹೊರಿಸುತ್ತದಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಅದೇ ಗ್ರಂಥ ಆದಮರ ಪ್ರಸಂಗದಲ್ಲೂ ಆ ಪದ ಬಳಸುತ್ತದೆ. ಆಗ ಆಳಲು ಪ್ರಜೆಗಳೇ ಇರಲಿಲ್ಲ. ಸೂಫಿಗಳಂತೂ ಮೂಲಾರ್ಥವನ್ನು ಕೈಬಿಡಲೇ ಇಲ್ಲ: ಕಲಬುರಗಿಯ ಬಂದೇನವಾಜರು ದೆಹಲಿಯ ನಸೀರುದ್ದೀನ್ ಚಿರಾಗರ ಖಲೀಫರು, ಅವರು ಪಡೆದದ್ದು ಗುರುವಿನ ಹೊಣೆಯನ್ನು, ರಾಜ್ಯವನ್ನಲ್ಲ.