ಬೀಟಿನ ಮೇಲೆ ಬಂದ ಕಾನೂನು

ನಮ್ಮಲ್ಲಿ ಸಿನಿಮಾ ಹಾಡು ಹುಟ್ಟುವುದು ಸಿನಿಮಾಕ್ಕಾಗಿಯೇ. ಚಿತ್ರ ತೆರೆ ಕಾಣುವ ಮೊದಲೇ ಧ್ವನಿಸುರುಳಿ ಬಿಡುಗಡೆಯಾಗಿ ಹಾಡು ಊರೂರು ಸುತ್ತಿರುತ್ತದೆ. 1999ರಲ್ಲಿ ಬ್ರಿಟನ್ನಿನಲ್ಲಿ ಬಂದ ‘ಹ್ಯೂಮನ್ ಟ್ರಾಫಿಕ್’ ಚಿತ್ರದ್ದು ಇದಕ್ಕೆ ಉಲ್ಟಾ. ಅದರ ಆಲ್ಬಮ್ಮಿನ ಎಷ್ಟೋ ಟ್ರ್ಯಾಕ್‌ಗಳಿಗೆ ಜನ ವರ್ಷಗಟ್ಟಲೆ ಕುಣಿದಾಗಿತ್ತು. ಸಿನಿಮಾ ಬಂದದ್ದು ಆಮೇಲೆ.

ಆ ಕುಣಿತಕ್ಕೆ ಪಾರ್ಲಿಮೆಂಟೂ ಪೊಲೀಸರೂ ತಲೆ ಕೆಡಿಸಿಕೊಂಡಿದ್ದರು.

ಆ ಕುಣಿತದ ಮೂಲವಾದ ಹೌಸ್ ಸಂಗೀತ ಹುಟ್ಟಿದ್ದು ಅಮೆರಿಕದ ಷಿಕಾಗೋದಲ್ಲಿ. ಅಲ್ಲಿ ಕಪ್ಪು ಜನಾಂಗದ, ಸಲಿಂಗಿ ಯುವಕರು ಸೇರುತ್ತಿದ್ದ ‘ವೇರ್‌ಹೌಸ್’ ಕ್ಲಬ್ಬಿನಲ್ಲಿ 1977ರಿಂದ ಫ್ರಾಂಕಿ ನಕಲ್ಸ್ ಡಿಜೆ ಆಗಿದ್ದರು. ‘ಹೌಸ್’ ಎಂಬ ಹೆಸರು ಬಂದದ್ದೂ ಆ ಕ್ಲಬ್ಬಿನಿಂದಲೇ ಎನ್ನುತ್ತಾರೆ. ಆವರ್ತಕ್ಕೆ ನಾಲ್ಕು ಸಮ ಪೆಟ್ಟು, ನಿಮಿಷಕ್ಕೆ 120ರ ಆಸುಪಾಸು. 1987ರ ಜನವರಿಯಲ್ಲಿ ಸ್ಟೀವ್ ‘ಸಿಲ್ಕ್’ ಹರ್ಲಿಯ ಹೌಸ್ ಹಾಡು ‘ಜ್ಯಾಕ್ ಯುವರ್ ಬಾಡಿ’ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1989ರ ಹೊತ್ತಿಗೆ ಲಂಡನ್ನಿನ ಹೊರವರ್ತುಲ ರಸ್ತೆ ಎಂ25 ಹಿಡಿದು ಸಾವಿರಾರು ಯುವಕರು ಕುಣಿಯಲು ಹೊಲ, ಗೋದಾಮುಗಳನ್ನು ಹುಡುಕಿಕೊಂಡು ರಾತ್ರಿಯೆಲ್ಲ ಸುತ್ತುತ್ತಿದ್ದರು. ‘ಆರ್ಬಿಟಲ್’ ಎಂಬ ಸಂಗೀತ ಜೋಡಿ ತನ್ನ ಹೆಸರನ್ನು ಎತ್ತಿಕೊಂಡದ್ದು ಈ ರಸ್ತೆಯಿಂದಲೇ.

1992ರ ಮೇ ಕೊನೆಯಲ್ಲಿ ಕ್ಯಾಸಲ್‌ಮಾರ್ಟನ್ ಎಂಬ ಹಳ್ಳಿಯ ಗೋಮಾಳದಲ್ಲಿ 20,000ಕ್ಕೂ ಹೆಚ್ಚು ಜನ ಜಮಾಯಿಸಿ ಸುಮಾರು ಒಂದು ವಾರ ಕುಣಿದರು. ಸರ್ಕಾರದ ಸಹನೆ ಅಲ್ಲಿಗೆ ಮುಗಿಯಿತು. 1994ರ ಕ್ರಿಮಿನಲ್ ಜಸ್ಟಿಸ್ ಕಾಯಿದೆಯ 63ನೇ ಕಲಂ, ಬಯಲಲ್ಲಿ 100 ಜನ ಸೇರಿ ರಾತ್ರಿ ಜೋರಾಗಿ ಸಂಗೀತ ಹಾಕಿದರೆ ಚದುರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಸಂಗೀತವೆಂದರೆ ಏನೆಂದೂ ಅದು ವಿವರಿಸಿತು: ಒಂದರ ಹಿಂದೊಂದು ಮರುಕಳಿಸುವ ಬೀಟುಗಳೇ ಪ್ರಧಾನವಾದ ಸದ್ದು ಕೂಡ ಸಂಗೀತವೇ. (ನಮ್ಮ ಜಾತ್ರೆಯ ತಮಟೆಯವರು ಆ ದೇಶದಲ್ಲಿ ಇರದಿದ್ದದ್ದು ಒಳ್ಳೆಯದಾಯಿತು.)

ಈ ವ್ಯಾಖ್ಯೆಗೆ ಬಂದ ಅತಿ ಚುರುಕು ಉತ್ತರ ‘ಆಟೆಕರ್’ ಎಂಬ ಸಂಗೀತ ಜೋಡಿಯದು. ಅದೇ ವರ್ಷ ಅವರು ತಂದ ‘ಆ್ಯಂಟಿ’ ರೆಕಾರ್ಡಿನ ಮೇಲೊಂದು ಚೀಟಿ ಅಂಟಿತ್ತು. ಒಳಗಿನ ‘ಫ್ಲಟರ್’ ಟ್ರ್ಯಾಕ್‌ನಲ್ಲಿ ಯಾವ ಎರಡು ಆವರ್ತಗಳ ಬೀಟೂ ಒಂದೇ ತೆರನಾಗಿಲ್ಲ, ಹಾಗಾಗಿ ಇದನ್ನು ಧೈರ್ಯವಾಗಿ ಹಾಕಬಹುದು; ಆದರೂ ಡಿಜೆಗಳು ಪಕ್ಕದಲ್ಲಿ ಒಬ್ಬ ವಕೀಲರನ್ನೂ ಒಬ್ಬ ಸಂಗೀತಶಾಸ್ತ್ರಜ್ಞರನ್ನೂ ಇಟ್ಟುಕೊಳ್ಳುವುದು ಕ್ಷೇಮ ಎಂಬ ಎಚ್ಚರಿಕೆ ಅದರಲ್ಲಿತ್ತು.

ಬಯಲು ಬಿಟ್ಟ ಕುಣಿತ ಪರವಾನಗಿ ಇರುವ ಕ್ಲಬ್ಬುಗಳೊಳಗೆ ಸೇರಿತು. ‘ಹ್ಯೂಮನ್ ಟ್ರಾಫಿಕ್’ ತೋರಿಸುವುದು ಆ ಕ್ಲಬ್ಬಿನ ಲೋಕವನ್ನು. ನಿರ್ದೇಶಕ ಇಪ್ಪತ್ತರ ಹರೆಯದ ಜಸ್ಟಿನ್ ಕೆರಿಗನ್. ಕಾರ್ಡಿಫ್ ನಗರದ ಐವರು ಗೆಳೆಯರ ಒಂದು ವಾರಾಂತ್ಯ, ಕಥೆ ಅಷ್ಟೇ. ಸಂಗೀತದ ಉಸ್ತುವಾರಿ ಬಿಬಿಸಿ ರೇಡಿಯೊದ ಡಿಜೆ ಪೀಟ್ ಟಾಂಗ್ ಅವರದು. ಚಿತ್ರಕ್ಕೆ ಆರಿಸಿದ ಟ್ರ್ಯಾಕ್‌ಗಳನ್ನು ನೋಡಿದರೆ ಅದು ಒಂದು ದಶಕದ ಹಾಜರಿ ಪುಸ್ತಕ: 1991ರ ಆರ್ಬಿಟಲ್‌ನ ‘ಬೆಲ್‌ಫಾಸ್ಟ್’, 1993ರಲ್ಲಿ ಹುಟ್ಟಿದ ಎನರ್ಜಿ 52ರ ‘ಕಫೇ ಡೆಲ್ ಮಾರ್’, 1998ರ ಫ್ಯಾಟ್‌ಬಾಯ್ ಸ್ಲಿಮ್ ಟ್ರ್ಯಾಕ್. ಕ್ಲಬ್ಬಿನಲ್ಲಿ ಡಿಜೆ ಒಂದರೊಳಗೊಂದು ಬೆಸೆದುಬಿಡುತ್ತಿದ್ದ, ಕುಣಿಯುವವರಿಗೆ ಹೆಸರೇ ಗೊತ್ತಿರದಿದ್ದ ಟ್ರ್ಯಾಕ್‌ಗಳು ಸಿಡಿಯ ಹಿಂಬದಿಯಲ್ಲಿ ಹೆಸರು ಸಮೇತ ಅಚ್ಚಾದವು. ಕಥೆ ಈಗ ತೆಳು ಎನಿಸಬಹುದು, ಆಲ್ಬಮ್ ಹಾಗಲ್ಲ.

ಕಾಯಿದೆ ಬಂದ ಅದೇ 1994ನ್ನು ಕಪ್ಪು ಬಿಳುಪಿನಲ್ಲಿ ಮತ್ತೆ ತೆರೆಗೆ ತಂದದ್ದು ಸ್ಕಾಟ್ಲೆಂಡಿನ ‘ಬೀಟ್ಸ್’ ಚಿತ್ರ, 2019ರಲ್ಲಿ. 63ನೇ ಕಲಂ ಇನ್ನೂ ಜಾರಿಯಲ್ಲಿದೆ. 2003ರ ತಿದ್ದುಪಡಿಯ ನಂತರ 100 ಜನ ಬೇಕಿಲ್ಲ, 20 ಸಾಕು.