ಬಿದ್ರಿ: ಬೆಳ್ಳಿಗೆ ಹೊಳಪು ಕೊಡೋ ಕಪ್ಪು

ಇವತ್ತಿನ ಮಾತು ನನ್ನದೇ ಒಂದು ಪೆದ್ದುತನದಿಂದ ಶುರು. ಹೈದರಾಬಾದಿಗೆ ಕೆಲಸಕ್ಕೆ ಬಂದ ಹೊಸತರಲ್ಲಿ ಅಮ್ಮ ತನ್ನ ಬಿದ್ರಿ ಪದಕ ಕೊಟ್ಟಿದ್ದಳು. ಬೆಳ್ಳಿ ಮಂಕಾಗಿದೆ ಅಂತ ಹುಣಸೆಹಣ್ಣು, ಪಾತ್ರೆ ಪುಡಿ ಹಾಕಿ ಚೆನ್ನಾಗಿ ತಿಕ್ಕಿದೆ. ಬೆಳ್ಳಿ ಬೆಳಗಿತು, ನಿಜ. ಆದರೆ ಸುತ್ತಲಿನ ಕಪ್ಪು ಹೋಗಿ ಬೂದು ಲೋಹ ಮೇಲೆ ಬಂತು. ಬಳ್ಳಿಯ ಚಿತ್ತಾರ ಅಲ್ಲೇ ಇತ್ತು, ಕಣ್ಣಿಗೆ ಮಾತ್ರ ಬೀಳ್ತಿರಲಿಲ್ಲ.

ಬಿದ್ರಿಯಲ್ಲಿ ಎರಕ ಹೊಯ್ಯೋದು ಬೆಳ್ಳಿಯನ್ನಲ್ಲ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ, ಮಣ್ಣಿನ ಅಚ್ಚಿಗೆ ಸುರೀತಾರೆ. ಒರಟು ಎರಕವನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸ್ತಾರೆ, ಗೀರು ಕಾಣಲಿ ಅಂತ. ಉಳಿಯಿಂದ ಕೊರೆದ ಗೆರೆಗೆ ಬೆಳ್ಳಿಯ ತಂತಿ ಅಥವಾ ತಗಡು ಬಡಿದು ಕೂರಿಸ್ತಾರೆ. ಮತ್ತೆ ಉಜ್ಜಿದಾಗ ಮೈಯೆಲ್ಲ ಒಂದೇ ಬಿಳಿಚು ಬೂದು. ಅಷ್ಟು ದಿನದ ಕೆಲಸ ಮಾಯವಾದ ಹಾಗೆ!

ಆಗ ಬರೋದು ಕೊನೆಯ ಹಂತ. ಬಿಸಿಲು, ಮಳೆ ತಾಗದ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ನೀರಲ್ಲಿ ಕಲಸ್ತಾರೆ. ಸರಿಯಾದ ಮಣ್ಣೋ ಅಲ್ಲವೋ ಅಂತ ನಾಲಿಗೆಗೆ ಇಟ್ಟು ನೋಡೋ ಕುಶಲಕರ್ಮಿಗಳಿದ್ದಾರೆ. ಬಿಸಿ ಮಾಡಿದ ತುಂಡಿಗೆ ಇದನ್ನು ತಿಕ್ಕಿದರೆ ಮಿಶ್ರಲೋಹ ಕಪ್ಪಾಗುತ್ತೆ, ಬೆಳ್ಳಿಗೆ ಏನೂ ಆಗಲ್ಲ. ಸತುವಿನ ಜೊತೆ ಆ ಚೂರು ತಾಮ್ರ ಇರಲೇಬೇಕು, ಇಲ್ಲದಿದ್ದರೆ ಈ ಕಪ್ಪು ಬರಲ್ಲ. ತೊಳೆದು ಎಣ್ಣೆ ಒರೆಸಿದ ಮೇಲೆ ಚಿತ್ತಾರ ಎದ್ದು ನಿಲ್ಲುತ್ತೆ. ಅಂದರೆ ಇಲ್ಲಿ ಬೆಳ್ಳಿಗೆ ಪಾಲಿಶ್ ಮಾಡೋದು ಅರ್ಧ ಕೆಲಸ. ಅದರ ಅಕ್ಕಪಕ್ಕವನ್ನು ಕಪ್ಪಾಗಿಸೋದು ಇನ್ನರ್ಧ.

ಹಾಗಾದರೆ ಗುಟ್ಟೆಲ್ಲ ಮಣ್ಣಿನದೇನಾ? ನಾನೂ ಹಾಗೇ ನಂಬಿದ್ದೆ. ಆದರೆ ಲಖನೌ, ಪೂರ್ಣಿಯಾ, ಮುರ್ಷಿದಾಬಾದಿನಲ್ಲೂ ಈ ಕೆಲಸ ನಡೀತಿತ್ತು. ಬೀದರ್ ಕೋಟೆಯ ಮಣ್ಣು ಅಲ್ಲೆಲ್ಲಿ? ಸ್ಥಳೀಯವಾಗಿ ಸಿಗೋ ಲವಣಗಳಿಂದ ಕಪ್ಪು ತಂದರು. ಹೆಸರು ಮಾತ್ರ ಅಲ್ಲೂ ಬಿದ್ರಿಯೇ. ಮಣ್ಣಿಗಿಂತ ಮುಖ್ಯ, ಎಷ್ಟು ಬಿಸಿ, ಎಷ್ಟು ಹೊತ್ತು, ಯಾವಾಗ ನಿಲ್ಲಿಸಬೇಕು ಅನ್ನೋ ಕೈಯ ಲೆಕ್ಕ. ಆದರೆ ನಾವು ಮಣ್ಣಿನ ಕಥೆ ಹೇಳ್ತೀವಿ, ಕೈಯ ಕಥೆ ಮರೀತೀವಿ.

ಇಲ್ಲಿನ ಅಂಗಡಿಗಳಲ್ಲಿ ಇದನ್ನು 'ಹೈದರಾಬಾದಿ ಕಲೆ' ಅಂದಾಗ ನನಗೂ ಸಿಟ್ಟು ಬರ್ತಿತ್ತು. ಆದರೆ 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇತ್ತು, ಇಲ್ಲಿನ ಶ್ರೀಮಂತರೇ ದೊಡ್ಡ ಗಿರಾಕಿಗಳು. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಆ ಕೈಗಳಿಗೂ ಒಂದು ಹೆಸರು ಸಿಕ್ಕಿತು ಅಂತ ನನಗೆ ಖುಷಿ.

ನನ್ನ ಪದಕವನ್ನು ಬೀದರಿಗೆ ಒಯ್ದೆ. ಒಬ್ಬ ಹಿರಿಯರು ತಿರುಗಿಸಿ ನೋಡಿ, ಮತ್ತೆ ಬಿಸಿ ಮಾಡಿ ಮಣ್ಣು ತಿಕ್ಕಿ ಕೊಟ್ಟರು. "ಇನ್ಮ್ಯಾಲೆ ತಿಕ್ಕಬ್ಯಾಡ್ರಿ, ಎಣ್ಣಿ ಹಚ್ಚಿ ಮೆತ್ತನ ಬಟ್ಟೀಲೆ ಒರಸ್ರಿ" ಅಂದರು. ನಿಮ್ಮ ಮನೇಲಿ ಬಿದ್ರಿ ಇದ್ದರೆ ನೀವೂ ಅಷ್ಟೇ ಮಾಡಿ. ಮುಂದಿನ ವಾರ ಸಿಗೋಣ.