ಬಿಳಿ ರಂಜಕದಿಂದ ಕೆಂಪು ರಂಜಕಕ್ಕೆ

ಒಂದೇ ಧಾತುವಿಗೆ ಹಲವು ರೂಪಗಳಿರುತ್ತವೆಂಬುದನ್ನು ನೀವೆಲ್ಲ ಶಾಲೆಯ ರಸಾಯನಶಾಸ್ತ್ರದಲ್ಲಿ ಓದಿದ್ದೀರಿ. ರಂಜಕವೂ ಅಂಥದೊಂದು ಧಾತು. ಬಿಳಿ ರಂಜಕ ಘೋರ ವಿಷ; ಗಾಳಿಗೆ ತಾನಾಗಿಯೇ ಹೊತ್ತಿಕೊಳ್ಳುವುದರಿಂದ ಅದನ್ನು ನೀರಿನಲ್ಲಿ ಮುಳುಗಿಸಿಡುತ್ತಾರೆ. ಕೆಂಪು ರಂಜಕಕ್ಕೆ ಆ ಉಗ್ರತೆಯಿಲ್ಲ. ಇವೆರಡರಲ್ಲಿ ಯಾವುದನ್ನು ಬಳಸಬೇಕೆಂಬ ಪ್ರಶ್ನೆ ಒಂದು ಕಾಲದಲ್ಲಿ ಸಾವಿರಾರು ಕಾರ್ಮಿಕರ ಜೀವನ್ಮರಣದ ಪ್ರಶ್ನೆಯಾಗಿತ್ತು.

1830ರ ದಶಕದಿಂದ ಯೂರೋಪಿನಲ್ಲಿ ಬಿಳಿ ರಂಜಕದ ಬೆಂಕಿಕಡ್ಡಿಗಳು ಬಳಕೆಗೆ ಬಂದವು. ಅವು ಅಗ್ಗವಾಗಿದ್ದವು, ಯಾವ ಗೋಡೆಗೆ ಗೀರಿದರೂ ಉರಿಯುತ್ತಿದ್ದವು. ಆದರೆ ಅವನ್ನು ತಯಾರಿಸುತ್ತಿದ್ದ ಬಡ ಹೆಂಗಸರೂ ಮಕ್ಕಳೂ ರಂಜಕದ ಹೊಗೆಯನ್ನು ಉಸಿರಾಡಬೇಕಿತ್ತು. ಮೊದಲು ಹಲ್ಲುನೋವು, ಬಳಿಕ ಬಾವು ಮತ್ತು ಕೀವು, ಕೊನೆಗೆ ದವಡೆಯ ಮೂಳೆಯೇ ಕೊಳೆಯುತ್ತಿತ್ತು. ಈ ರೋಗವನ್ನು ವಿಯೆನ್ನಾದ ವೈದ್ಯ ಲೋರಿನ್ಸರ್ 1845ರಲ್ಲಿ ವರದಿ ಮಾಡಿದರು. ಅದೇ ದಶಕದಲ್ಲಿ, ಅದೇ ನಗರದಲ್ಲಿ, ಶ್ರೋಟರ್ ಎಂಬ ವಿಜ್ಞಾನಿ ಕೆಂಪು ರಂಜಕವನ್ನು ತಯಾರಿಸಿ ತೋರಿಸಿದರು. 1850ರ ದಶಕದಲ್ಲಿ ಸ್ವೀಡನ್ನಿನ ಲುಂಡ್‌ಸ್ಟ್ರಾಮ್ ಸೋದರರು ಅದನ್ನು ಪೆಟ್ಟಿಗೆಯ ಬದಿಗೆ ಲೇಪಿಸಿ ಸುರಕ್ಷಿತ ಬೆಂಕಿಪೊಟ್ಟಣವನ್ನು ಮಾರುಕಟ್ಟೆಗೆ ತಂದರು.

ರೋಗವೂ ತಿಳಿದಿತ್ತು, ಪರಿಹಾರವೂ ತಿಳಿದಿತ್ತು. ಆದರೂ ಬದಲಾವಣೆಗೆ ಅರ್ಧ ಶತಮಾನವೇ ಹಿಡಿಯಿತು. ಕಾರಣ ಬೆಲೆ. ಫಿನ್‌ಲೆಂಡ್ 1872ರಲ್ಲಿ, ಡೆನ್ಮಾರ್ಕ್ 1874ರಲ್ಲಿ ಬಿಳಿ ರಂಜಕವನ್ನು ನಿಷೇಧಿಸಿದವು, ಬ್ರಿಟನ್ ಸುಮ್ಮನಿತ್ತು. 1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಸುಮಾರು 1400 ಹೆಂಗಸರು ಮುಷ್ಕರ ಹೂಡಿದರು. ಅವರ ದುಃಸ್ಥಿತಿಯನ್ನು ಪತ್ರಿಕೆಯಲ್ಲಿ ಬರೆದು ಬಯಲಿಗೆಳೆದವರು, ಮುಂದೆ ನಮ್ಮ ದೇಶಕ್ಕೆ ಬಂದು 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದ ಆನಿ ಬೆಸೆಂಟ್. ಮುಷ್ಕರದಿಂದ ಅನ್ಯಾಯದ ದಂಡಗಳು ರದ್ದಾದವು. ಬಿಳಿ ರಂಜಕ ಮಾತ್ರ ಅಲ್ಲಿಯೇ ಉಳಿಯಿತು. 1891ರಲ್ಲಿ ಸಾಲ್ವೇಶನ್ ಆರ್ಮಿ ಸಂಸ್ಥೆ ಕೆಂಪು ರಂಜಕದ ಕಾರ್ಖಾನೆಯೊಂದನ್ನು ತೆರೆದು ಹೆಚ್ಚು ಕೂಲಿ ಕೊಟ್ಟಿತು. ಆದರೆ ಅಗ್ಗದ ಕಡ್ಡಿಗಳೆದುರು ಅದು ಬಹುಕಾಲ ನಿಲ್ಲಲಿಲ್ಲ.

ಒಬ್ಬನೇ ಒಳ್ಳೆಯವನಾದರೆ ಅವನೇ ನಷ್ಟಪಡುವನೆಂಬುದು ಇದರ ಪಾಠ. ಎಲ್ಲರಿಗೂ ಒಂದೇ ನಿಯಮವಾದಾಗ ಮಾತ್ರ ಆ ಭಯ ತೊಲಗುತ್ತದೆ. 1898ರಲ್ಲಿ ಫ್ರಾನ್ಸಿನ ಇಬ್ಬರು ರಸಾಯನಜ್ಞರು, ಎಲ್ಲಿ ಗೀರಿದರೂ ಹೊತ್ತುವ ಆದರೆ ದವಡೆಯನ್ನು ಕೊಳೆಯಿಸದ ಕಡ್ಡಿಯನ್ನು ರಂಜಕ-ಗಂಧಕಗಳ ಸಂಯುಕ್ತದಿಂದ ರೂಪಿಸಿದರು. 1906ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಲವು ರಾಷ್ಟ್ರಗಳು ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸುವ ಒಪ್ಪಂದ ಮಾಡಿಕೊಂಡವು. ಬ್ರಿಟನ್ 1908ರಲ್ಲಿ ಕಾನೂನು ತಂದಿತು. ಭಾರತದಲ್ಲಿ ಅದು 1913ರಲ್ಲಿ ಬಂದಿತು.

ನಿಮ್ಮಲ್ಲಿ ಅನೇಕರು ಇಂದು ಕಾರ್ಖಾನೆಗಳಲ್ಲಿ ಹೊಣೆಯ ಸ್ಥಾನದಲ್ಲಿದ್ದೀರಿ. ವಿಷವಸ್ತುವೊಂದಕ್ಕೆ ಬದಲಿಯೇ ಇಲ್ಲವೆಂದು ಯಾರಾದರೂ ಹೇಳಿದರೆ, ಅದು ನಿಜಕ್ಕೂ ಇಲ್ಲವೇ ಅಥವಾ ತುಸು ದುಬಾರಿಯೇ ಎಂದು ಒಮ್ಮೆ ವಿಚಾರಿಸಿರಿ.